ಗಾಳೆವ್ವನ ಸೆರಗಿಗೆ ಮೈಕು

ಡಬ್ಬಿ ತೆರೆದರೆ ಎರಡು ಕುಣಿ,
ಕುಣಿಗೊಂದು ಹುಣಸೆಬೀಜದಂಥ ಮೈಕು,
ನಡುವೆ ಫೋನಿಗೆ ಚುಚ್ಚುವ ಗುಬುಟು.
ಜೊತೆಗೆ, ಗಾಳಿಯ ಸದ್ದು ತಡೆಯಲಿಕ್ಕೆ
ಬೂದುಬಣ್ಣದ ತುಪ್ಪಳದ ಟೊಪ್ಪಿಗೆ.

ಭಾಗ್ಯನಗರದ ಕೂದಲಿನ ಕಾರ್ಖಾನೆಯಲ್ಲಿ
ತೂಕ ಬರೆಯುವವ ನಾನು.
ಸಂಜೆ ಕೆಲಸ ಬಿಟ್ಟ ಮೇಲೆ
ಒಡಪು ಹೇಳುತ್ತೇನೆಂದು ಒಪ್ಪಿದ್ದಳು ಗಾಳೆವ್ವ,
ಮೂವತ್ತು ವರ್ಷ ಊರೂರ ಹೆಂಗಸರ ಸಿಕ್ಕು ಬಿಡಿಸಿದವಳು,
ಇದು ಯಾರ ತಲೆಯದೆಂದು ಒಮ್ಮೆಯೂ ಕೇಳದವಳು.

ಟೊಪ್ಪಿಗೆಯನ್ನು ಬೆರಳಲ್ಲಿ ತೀಡಿದಳು. ಎಳೆದಳು. ಮೂಸಿದಳು.
"ಕೂದಲಲ್ಲ ಬಿಡು, ಪ್ಲಾಸ್ಟಿಕ್ಕು.
ಕಿಲೋಕ್ಕ ಎಂಟಾಣೆನೂ ಬರಂಗಿಲ್ಲ."
ಆಮೇಲೆ ಸೆರಗು ಮುಂದೆ ಮಾಡಿ,
"ಹಚ್ಚು. ಬೆಕ್ಕಿನ ಮರಿ ಇದ್ದಂಗೈತಿ."

ಕ್ಲಿಪ್ಪು ಸೆರಗು ಕಚ್ಚಿತು.
ನೀಲಿ ದೀಪ ಮಿಣುಕಿತು, ಮಿಣುಕುತ್ತಲೇ ಇತ್ತು.
ಆಯಿತೇನೋ ಅಂದುಕೊಂಡು ಕೆಂಪು ಗುಂಡಿ ಒತ್ತಿದೆ.

"ಹುಲಿಗಿ ಹೊಳಿಯಾಗ ಹಾಯ್ದು ಬಂತು ಹರಿಗೋಲು,
ಪಂಪಣ್ಣನವರು ಕೂಡಿದ್ರ ನನಗೆಲ್ಲೈತಿ ಸೋಲು!"

ಉಳಿದವರು ಹೋ ಎಂದರು.
ಹಚ್ಚಿ ಕೇಳಿದರೆ ಬರೀ ಫ್ಯಾನು,
ಇನ್ನೂ ಏಳದ ಇಬ್ಬರ ಮೊಳೆಹಲಗೆಯ ಕರಕರ,
ಕೊಪ್ಪಳಕ್ಕೆ ಹೊರಟ ಟಂಟಂನ ಹಾರ್ನು.
ಅವಳ ದನಿ ಎಲ್ಲೋ ಬಾವಿಯ ತಳದಲ್ಲಿ.
ಫೋನು ತನ್ನ ಕಿವಿಯಿಂದಲೇ ಕೇಳಿತ್ತು,
ಮೈಕಿನ ಗುರುತೇ ಅದಕ್ಕೆ ಹತ್ತಿರಲಿಲ್ಲ.

"ಕೂಡಿಲ್ಲವ್ವ," ಅಂದೆ.
"ಬಂದ ದಿನಾನ ಯಾವ ಸೊಸಿ ಕೂಡ್ಯಾಳ?" ಅಂದಳು ಮೈರುನ್‌ಬಿ
ಕೂದಲು ಗಂಟು ಕಟ್ಟುತ್ತ.

ಗುಬುಟು ಕಿತ್ತೆ, ಊದಿದೆ, ತಿರುವಿ ಚುಚ್ಚಿದೆ.
ಫೋನಿನ ಕವರು ಬಿಚ್ಚಿ ಹಲ್ಲಲ್ಲಿ ಹಿಡಿದೆ.
ಸೆಟ್ಟಿಂಗಿನೊಳಗೆ ಹೊಕ್ಕು, ಅದರೊಳಗಿನ ಇನ್ನೊಂದಕ್ಕೆ ಹೊಕ್ಕು,
ಕಡೆಯ ಮೂಲೆಯಲ್ಲಿ ಒಟಿಜಿ ಎಂಬ ಗುಂಡಿ.
ಹತ್ತು ನಿಮಿಷ ಕೆಲಸವಿಲ್ಲದಿದ್ದರೆ ತಾನೇ ಆರುತ್ತದಂತೆ
(ನಮ್ಮ ಸೇಠನೆದುರು ಹೀಗೆ ಆರಿ ನೋಡಬೇಕು).
ಒತ್ತಿದೆ.
ನೀಲಿ ಹೋಗಿ ಹಸಿರು ಬಂತು, ಅಲುಗದೆ ನಿಂತಿತು.

ತಲೆಯೆತ್ತಿದರೆ ಗಾಳೆವ್ವ ಇಲ್ಲ.
"ಹಾಲಿನಾಂವ ಬರತಾನ, ನಾಳಿ ಹೇಳ್ತಾಳಂತ."
ಮೈಕು ಅವಳ ಸೆರಗಲ್ಲೇ ಹೋಗಿದೆ.
ಗುಬುಟಿನ ಬದಿಗೆ ಸಿಕ್ಕಿಸಿದ ಇಯರ್‌ಫೋನು ನನ್ನ ಕಿವಿಯಲ್ಲಿದೆ.

ಬಳೆ.
ನಳದ ನೀರು, ಬಾಯಿ ಮುಕ್ಕಳಿಸಿದ್ದು.
ಮಂಡಿಯ ನೆಟಿಗೆ.
ಉಸಿರು, ಎಷ್ಟು ಹತ್ತಿರವೆಂದರೆ
ಕಿವಿ ಬೆಚ್ಚಗಾಯಿತು.
ಆಮೇಲೆ

"ಏ ಪಂಪ್ಯಾ,
ಕೇಳಿದ್ಯಾ? ಅವರು ಇವರು ಅನ್ನಿಸಿದ್ರು ನಿನ್ನ.
ನಿನ್ನ ಹೆಸರು ಹಿಡ್ಯಾಕ
ಬೆಕ್ಕಿನ ಮರಿ ತಂದು ಎದಿಗೆ ಕಚ್ಚಿಸ್ಯಾರ.
ಅದಿರ್ಲಿ, ಆ ಹಸರ ಪಟಗಾ ಎಲ್ಲಿಟ್ಟು ಹೋದಿ?
ಐದು ವರ್ಷಾತು, ಹೇಳಿ ಹೋಗಬಾರದಾ..."

ಗೋಡೆ ತಿರುಗಿದಳೋ, ಬೇವಿನ ಮರ ದಾಟಿದಳೋ,
ದನಿ ಹಳೆ ಬಟ್ಟೆಯಂತೆ ಹರಿಯಿತು.
"ಟ್ರಂಕಿನ್ಯಾ... ನಾನs... ಸಿಗವ..."
ಕರ್.

ಕೆಂಪು ಗುಂಡಿ ಯಾವಾಗ ಒತ್ತಿದ್ದೆನೋ,
ಮೂವತ್ತೆಂಟು ಸೆಕೆಂಡು ಓಡಿತ್ತು.
ಫ್ಯಾನಿಲ್ಲ, ಹಾರ್ನಿಲ್ಲ. ಆ ಫೋನಿನಲ್ಲಿ
ಅಷ್ಟು ತಿಳಿಯಾದ ದನಿ ಅದೇ ಮೊದಲು.
ಡಬ್ಬಿ ಮುಚ್ಚಿದೆ. ಒಂದು ಕುಣಿ ಖಾಲಿ.

ರಾತ್ರಿ ಎರಡು ಸಲ ಫೋನು ಕೈಗೆತ್ತಿಕೊಂಡೆ.
ಅಳಿಸಲೂ ಇಲ್ಲ, ಯಾರಿಗೂ ಕಳಿಸಲೂ ಇಲ್ಲ.

ಬೆಳಿಗ್ಗೆ ಗಾಳೆವ್ವ ಬಂದಳು,
ಮಡಿಸಿದ ಹಸಿರು ಬಟ್ಟೆಯೊಂದು ಕಂಕುಳಲ್ಲಿ,
ಅದರ ಮಡಿಕೆಯೊಳಗೆ ತುಪ್ಪಳದ ಟೊಪ್ಪಿಗೆ, ದೀಪ ಆರಿದ ಮೈಕು.
"ತಗೋ ಯಮನೂರಾ. ಗೂಡಿನ್ಯಾಗ ಇಟ್ಟಿದ್ದೆ.
ರಾತ್ರಿ ಪೂರಾ ಕೇಳಿಸ್ಕೊಂಡೈತಿ, ಪಾಪ, ನಿದ್ದಿನs ಮಾಡಿಲ್ಲ.
ಚಾರ್ಜ್ ಹಚ್ಚು ಇದಕ."