ಖಾಲಿ ತೂಕ

ಕಬ್ಬಿನ ಲಾರಿಯನ್ನು ಎರಡು ಸಲ ತೂಗುತ್ತಾನೆ ಮುದ್ದಜವರ,
ಮಂಡ್ಯದ ಸಕ್ಕರೆ ಕಾರ್ಖಾನೆಯ ವೇಬ್ರಿಜ್ಜಿನಲ್ಲಿ, ರಾತ್ರಿ ಪಾಳಿ.
ಒಳಗೆ ಬರುವಾಗ ತುಂಬಿದ್ದು, ಹೊರಗೆ ಹೋಗುವಾಗ ಖಾಲಿ.
ಪುಸ್ತಕಕ್ಕೂ ಅದೇ ಲೆಕ್ಕ ಅವನದು, ಉಲ್ಟಾ:
‘ಓದೋಕ್ ಮುಂಚೆ ಎಷ್ಟಿದ್ರಿ, ಓದಾದ್ಮೇಲೆ ಎಷ್ಟಾದ್ರಿ,
ಕಳದ್ರೆ ಉಳೀತಲ್ಲ, ಅಷ್ಟೇ ಕಣ್ ಮೇಡಂ ಪುಸ್ತಕ.
ರಟ್ಟಿನ ತೂಕ ನಂಗ್ ಬ್ಯಾಡ.’

ನಾನು ಮೈಸೂರಿನ ದಾಖಲೆ ಕೋಣೆಯವಳು.
ಹಳೇ ಕಡತಗಳ ಹುಳ ಬಿಡಿಸುತ್ತೇನೆ,
ಸತ್ತವರ ಸಹಿಗಳ ಜೊತೆ ಹತ್ತರಿಂದ ಐದೂವರೆ.
ಬೆಳಗಿನ ಪ್ಯಾಸೆಂಜರಿನಲ್ಲಿ
ಅವನು ಮನೆಗೆ, ನಾನು ಕೆಲಸಕ್ಕೆ.
ಯಲಿಯೂರಿನವರೆಗೆ ತೂಕಡಿಸಿ ಅಲ್ಲಿಂದ ಜಗಳ.
‘ಹುಟ್ಟದೇ ಇರೋರ ಕತೆ ಓದಿ ಏನು ಸುಖ?’
‘ಸತ್ತೋಗಿರೋರ್ದು ಓದಿ ನಿಮಗೇನ್ ಬಂತು?’
ಎದುರು ಸೀಟಿನಲ್ಲಿ ಕನಕಾಂಬರ ಕಟ್ಟುತ್ತಾ ಕೆಂಪಾಜಮ್ಮ:
‘ಇವತ್ತಿನ್ದು ಯಾರಾನ ಓದಿ ಹೇಳ್ರಪ್ಪ, ಮಾರಿಗೆ ಎಷ್ಟಂತೆ?’

ಮೊದಲು ಕೊಟ್ಟವನು ಅವನೇ.
ಶಿವರಾಂಪೇಟೆಯ ರದ್ದಿ ಅಂಗಡಿಯಲ್ಲಿ ಕೇಜಿ ಲೆಕ್ಕಕ್ಕೆ ಸಿಕ್ಕಿದ್ದು,
ಪಂಪ್‌ಸೆಟ್ಟಿನ ಕ್ಯಾಲೆಂಡರು ಹೊದಿಸಿದ್ದ.
ಚಂದ್ರನ ಮೇಲೆ ನಾಲೆ ತೋಡುತ್ತಾರೆ.
ನೀರು ಬಿಟ್ಟವರು ತೀರಿಕೊಳ್ಳುತ್ತಾರೆ,
ಅವರ ಮಕ್ಕಳ ಹಲ್ಲು ಬೀಳುತ್ತವೆ,
ಕೊನೇ ಗದ್ದೆಗೆ ಬರಲು ಇನ್ನೂರು ವರ್ಷ ಬೇಕು ಆ ನೀರಿಗೆ.
ತೂಬಿನ ಬಳಿ ಒಬ್ಬ ಕೂತಿದ್ದಾನೆ
ಒಣ ನಾಲೆಗೆ ಕಿವಿಯಿಟ್ಟು.
ಅಲ್ಲಿಗೆ ಮುಗಿಯಿತು. ಮುಗಿದದ್ದಲ್ಲ,
ಕೊನೇ ಹದಿನಾರು ಪುಟ ಇರಲಿಲ್ಲ.
ಬೋಂಡ ಕಟ್ಟಿಸಿಕೊಂಡು ಹೋಗಿದ್ದಾರೆ ಯಾರೋ.

ತೂಕದ ಚೀಟಿಯ ಬೆನ್ನಿಗೆ ಅವನ ಶಿಫಾರಸು:
‘ರಾತ್ರಿ ಎರಡು ಗಂಟೇಲಿ ಓದಿ.
ಹಗಲು ಓದಿದರೆ ಒಂದು ಕ್ವಿಂಟಾಲ್ ಕಮ್ಮಿ.’
ಹಗಲೇ ಓದಿದೆ, ಕಡತದ ಮರೆಯಲ್ಲಿ.
ಇಸವಿಯಿಲ್ಲ, ಅಚ್ಚು ಹಾಕಿದವರ ಹೆಸರಿಲ್ಲ ಎಂದು ಗೊಣಗುತ್ತಾ.
ಡಬ್ಬಿಯ ಮೊಸರನ್ನ ಹುಳಿಯಾಗಿತ್ತು ತೆರೆದಾಗ.

ಬದಲಿಗೆ ನಾನು ಕೊಟ್ಟದ್ದು ಒಂದು ಕೆರೆಯ ಚರಿತ್ರೆ.
ನಿವೃತ್ತ ಸರ್ವೆಯವರೊಬ್ಬರು ಸ್ವಂತ ಖರ್ಚಿನಲ್ಲಿ ಬರೆದದ್ದು:
ನೀರುಗಂಟಿಗಳ ಹತ್ತು ತಲೆಮಾರು,
ಯಾರ ಗದ್ದೆಗೆ ಯಾವ ಜಾವ,
ಕದ್ದು ತೂಬೆತ್ತಿದವನಿಗೆ ದಂಡ ಎಷ್ಟು ಕೊಳಗ ರಾಗಿ.
ನಡುವೆ ಒಂದು ಕಡೆ
‘ಇಲ್ಲಿಂದ ಏಳು ವರ್ಷ ದಾಖಲೆ ಸಿಗುವುದಿಲ್ಲ’
ಎಂದು ಬರೆದು ಅರ್ಧ ಪುಟ ಬಿಳೀ ಬಿಟ್ಟಿದ್ದಾರೆ.
ಆ ಬಿಳುಪಿಗಾಗಿಯೇ ಓದು, ಎಂದಿದ್ದೆ.

ತಿಂಗಳಾದರೂ ವಾಪಸ್ಸಿಲ್ಲ.
ಕೇಳಿದರೆ ಕಿಟಕಿಯತ್ತ ಬೆರಳು:
‘ಜೋಡಿ ಹಳಿ ಹಾಕೋಕೆ ಪಟ್ಣದ ಮದ್ದಿನ ಮನೇನೇ
ಇಡಿಯಾಗಿ ಎತ್ತಿ ಜರುಗ್ಸುದ್ರಲ್ಲ ಮೇಡಂ,
ಗ್ವಾಡೆ ಗ್ವಾಡೇನೇ ನಡ್ಕಂಡ್ ಹೋಯ್ತು.
ಅದು ನಿಮ್ದೋ ನಮ್ದೋ ಹೇಳಿ ನೋಡವ.’
ಬಾಯಿ ತೆರೆದೆ.
ಸೇತುವೆ ಬಂತು, ಕೆಳಗೆ ಕಾವೇರಿ,
ಕಬ್ಬಿಣದ ಸದ್ದಿನಲ್ಲಿ ನನ್ನ ಉತ್ತರ ನನಗೇ ಕೇಳಲಿಲ್ಲ.

ಇವತ್ತು ಇಳಿಯುವ ಮುಂಚೆ ಕೈಗಿಟ್ಟ.
ಚೀಟಿಯಲ್ಲಿ: ‘ಎರಡೂ ಒಂದೇ ಪುಸ್ತಕ.
ನಿಮ್ಮದರಲ್ಲಿ ನೀರು ಬಂದು ಹೋಗಿದೆ,
ನಮ್ಮದರಲ್ಲಿ ಇನ್ನೂ ದಾರೀಲಿದೆ.’
ಆ ಬಿಳೀ ಅರ್ಧ ಪುಟದಲ್ಲಿ, ಅಯ್ಯೋ ಪಾಪಿ,
ಪೆನ್ಸಿಲಿನಲ್ಲಿ ಬರೆದಿದ್ದಾನೆ, ತೂಕದವನ ಗುಂಡು ಅಕ್ಷರ:
‘ಏಳು ವರ್ಷ ನೀರುಗಂಟಿ ತೂಬಿನ ತಾವ ಕೂತಿದ್ದ.
ಕಿವಿಯಿಟ್ಟು. ಹೆಂಡತಿ ಬೈದಳು. ಕೂತಿದ್ದ.’

ಸಾಕ್ಷಿ ಏನು? ಆಧಾರ ಏನು?
ಕಚೇರಿಯ ಮೆತ್ತನೆ ರಬ್ಬರು ಬ್ಯಾಗಿನಲ್ಲೇ ಇತ್ತು.
ನಾಗನಹಳ್ಳಿ ದಾಟಿದ ಮೇಲೆ ತೆಗೆದೆ,
‘ಏ’ ಅಕ್ಷರದ ಮೇಲಿಟ್ಟೆ.
ಬಡಕಲು ಕಾಗದ, ಉಜ್ಜಿದರೆ ಹರಿದೀತು
ಎಂದು ನನಗೆ ನಾನೇ ಹೇಳಿಕೊಂಡೆ.
ಮೈಸೂರು ಬಂತು.
ಬುಟ್ಟಿಗೊಂದು ಕೈ ಕೊಡವ್ವ, ಅಂದಳು ಕೆಂಪಾಜಮ್ಮ.