ಕೊಸರು

ಬೇಕರಿಯ ಈಸ್ಟು, ಕುದಿಸಿ ಕೊಂದದ್ದು.
ಬೆಳಿಗ್ಗೆ ನನ್ನದೇ ಮೊಣಕೈ ಮಡಿಕೆಯಿಂದ
ಐದು ಎಂಎಲ್ ರಕ್ತ.
ಕೆಂಪು ತಳಕ್ಕಿಳಿದ ಮೇಲೆ ಬಿಳಿಯನ್ನು ಎತ್ತಿಕೊಂಡೆ,
ಕೆನೆ ಎತ್ತುವ ಹಾಗೆ, ಉಸಿರು ಬಿಗಿಹಿಡಿದು.

ಬರೀ ಈಸ್ಟನ್ನು ಇವು ಮೂಸಿಯೂ ನೋಡವು.
ಸೀರಮ್ಮಿನ ಒಗ್ಗರಣೆ ಬೇಕು.
ದಾವಣಗೆರೆಯ ಬಿಳಿಕಣ ತಾನೆ,
ಒಗ್ಗರಣೆಯಿಲ್ಲದ ಮಂಡಕ್ಕಿ ಇಲ್ಲಿ ಯಾರು ಮುಟ್ಟುತ್ತಾರೆ?
ಹೀಗಂದರೆ ಪ್ರಮೀಳಾ ಮೇಡಂ ನಗುವುದಿಲ್ಲ.
'ಅಂಟಿದ್ದು ಬೇರೆ, ನುಂಗಿದ್ದು ಬೇರೆ.
ಎಣಿಸುವಾಗ ನೆನಪಿರಲಿ.'

ಅದಕ್ಕೇ ಕೊನೆಗೊಂದು ಹನಿ ನೀಲಿ:
ಹೊರಗೆ ಅಂಟಿಕೊಂಡದ್ದೆಲ್ಲ ಬಣ್ಣ ಕುಡಿಯುತ್ತದೆ,
ಒಳಗೆ ಹೋದದ್ದಕ್ಕೆ ತಾಗದು.

ಇನ್ನೊಂದು ಟ್ಯೂಬು ಐಸಿನಲ್ಲಿ.
ಕೊಟ್ರಪ್ಪ ಜ್ಯೂಸ್ ಅಂಗಡಿಯಿಂದ ಟವೆಲಿನಲ್ಲಿ ಸುತ್ತಿ ತಂದದ್ದು.
ಆ ಚಳಿಯಲ್ಲಿ ಕಣಗಳು ಈಸ್ಟನ್ನು ಅಪ್ಪಿ ಕೂತಿರುತ್ತವೆ,
ಬಾಯಿ ಮಾತ್ರ ತೆರೆಯವು.

ಹನ್ನೊಂದೂ ಇಪ್ಪತ್ತಕ್ಕೆ ಕರೆಂಟು ಹೋಯಿತು.
ಬಿಸಿನೀರ ತೊಟ್ಟಿಯಲ್ಲಿ ಪಾದರಸ
ಮೂವತ್ತೇಳು, ಮೂವತ್ತಾರು.
ಜನರೇಟರಿಗೆ ಡೀಸೆಲ್ ಇಲ್ಲವಂತೆ.
ಕಿಟಕಿಯಾಚೆ ಭಟ್ಟಿಗಳ ಹೊಗೆ; ಅವಕ್ಕೆ ಕರೆಂಟು ಬೇಡ.
'ರುಖಿಯಮ್ಮಾ, ಕಂಕುಳಾಗ ಇಟ್ಕಳವ್ವ' ಅಂದ ಕೊಟ್ರಪ್ಪ,
ಕಾವು ಕೂರುವ ಕೋಳಿಗೆ ಹೇಳಿದ ಹಾಗೆ.

ಇಟ್ಟುಕೊಂಡೆ. ಹದಿನೆಂಟು ನಿಮಿಷ.
ಬೆಳಿಗ್ಗೆ ಮನೆಬಿಟ್ಟ ರಕ್ತ
ಗಾಜಿನಾಚೆಯಿಂದ ನನ್ನ ಬಿಸಿ ಕಾಯಿಸಿಕೊಳ್ಳುತ್ತಿತ್ತು.
ಉಣ್ಣುತ್ತಿದ್ದವೋ ಏನೋ, ಗೊತ್ತಾಗಲಿಲ್ಲ.
ಕಚಗುಳಿ ಮಾತ್ರ.

ಮೈಕ್ರೋಸ್ಕೋಪಿನ ಕನ್ನಡಿ ಕಿಟಕಿಗೆ ತಿರುಗಿಸಿ
ಇದ್ದ ಬಿಸಿಲಲ್ಲೇ ಎಣಿಸಿದೆ.
ನೂರರಲ್ಲಿ ಅರವತ್ತೆಂಟು ಉಂಡಿದ್ದವು,
ಇನ್ನೂರ ನಾಲ್ಕು ಈಸ್ಟು. ತಲೆಗೆ ಮೂರು.
ಒಬ್ಬ ಹೊಟ್ಟೆಬಾಕ ಒಂಬತ್ತು ನುಂಗಿ,
ತನ್ನ ನ್ಯೂಕ್ಲಿಯಸ್ಸನ್ನೇ ಮೂಲೆಗೆ ಒತ್ತರಿಸಿದ್ದ.
ಇನ್ನೊಂದರ ಅಂಚಿನಲ್ಲಿ
ಅರ್ಧ ಒಳಗೆ, ಅರ್ಧ ಹೊರಗೆ,
ಅರ್ಧ ನೀಲಿ.

ಭಟ್ಟಿಯಲ್ಲಿ ಅಬ್ಬ ಮಂಡಕ್ಕಿ ಅಳೆಯುವಾಗ
ಸೇರಿನ ತಲೆ ಸವರಿ ಸುರಿದ ಮೇಲೂ
ಒಂದು ಹಿಡಿ ಕೊಸರು ಹಾಕುತ್ತಾರೆ.
ಕೇಳಿದರೆ, 'ಅದಿಲ್ಲದೆ ಅಳತೆ ಪೂರಾ ಆಗಲ್ಲ' ಅನ್ನುತ್ತಾರೆ.

ನನ್ನ ಪುಸ್ತಕದಲ್ಲಿ ಕೊಸರಿಗೆ ಕಾಲಂ ಇಲ್ಲ.
ಆ ಅರ್ಧ ನೀಲಿಯನ್ನು ಬಿಟ್ಟೆ.
ಶಾಖ ಎಂಬಲ್ಲಿ '೩೭ ಡಿಗ್ರಿ' ಎಂದು ಬರೆದು
ತುಸು ಹೊತ್ತು ಸುಮ್ಮನೆ ಕೂತು,
ಪಕ್ಕದಲ್ಲಿ ಪೆನ್ಸಿಲಿನಲ್ಲಿ
'ಕಂಕುಳು' ಅಂತ ಸೇರಿಸಿದೆ.
ಮೇಡಂ ಅಳಿಸಿದರೆ ಅಳಿಸಲಿ.