ಪ್ರಾಂಪ್ಟರಳ ಹೇಳಿಕೆ

ರಂಗದ ಹಲಗೆಯಡಿ ನನ್ನದೊಂದು ಗೂಡು,
ಕೋಳಿಗೂಡಿಗಿಂತ ತುಸು ದೊಡ್ಡದು, ಅಷ್ಟೆ.
ಹನ್ನೊಂದು ವರ್ಷ ಅದರೊಳಗೆ ಕೂತು
ಮರೆತವರ ಬಾಯಿಗೆ ಮಾತು ಇಟ್ಟವಳು ನಾನು, ರಾಗ್ನ್‌ಫ್ರಿಡ್.
ಸೀಳಿನಿಂದ ಕಾಣುವುದು ಮೊಣಕಾಲಿನವರೆಗೆ.
ಬೂಟಿನಿಂದಲೇ ಗುರುತು:
ನಾಯಕಿಯ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ,
ನಗಿಸುವವನು, ಐಲಿಫ್ ಬ್ರಾಟ್ಲಿ, ಎಡಗಾಲು ಎಳೆಯುತ್ತಾನೆ.

ನಲವತ್ತರ ವಸಂತ, ಹೆಸರಿಗೆ ವಸಂತ,
ನಾರ್ವಿಕ್‌ನ ಹಿಮದಲ್ಲಿ ಬಂದೂಕು ಹಿಡಿದು
ಕಾಲಿನ ಮೂರು ಬೆರಳು ಅಲ್ಲೇ ಬಿಟ್ಟು ಬಂದವನು.
ಕೇಳಿದವರಿಗೆ ಹೇಳುತ್ತಿದ್ದ:
"ಕಳೆದಿಲ್ಲ, ಅಡವಿಟ್ಟಿದ್ದೇನೆ.
ದೇಶ ಬಿಡಿಸಿಕೊಂಡ ದಿನ ವಾಪಸ್ಸು ತರುತ್ತೇನೆ."

ಊರು ಬೆರ್ಗೆನ್. ಸುತ್ತ ಬೆಟ್ಟ, ನಡುವೆ ಬಂದರು,
ಮೀನುತೊಗಲಿನ ಚಪ್ಪಲಿ, ಕಾಫಿಯೆಂದು ಹುರಿದ ಬಟಾಣಿ,
ಕಿಟಕಿಗೆಲ್ಲ ಕಪ್ಪು ಕಾಗದ.
ನಗುವುದಕ್ಕೂ ರೇಷನ್ ಚೀಟಿ ಬಂದೀತೆಂದು
ಜನ ಅದಕ್ಕೆ ಮುಂಚೆಯೇ ಬಂದು ಸಾಲು ನಿಲ್ಲುತ್ತಿದ್ದರು.
ಆಟದ ಪ್ರತಿ ಎರಡು, ಒಂದು ಅವರ ಕಚೇರಿಗೆ, ಒಂದು ನನಗೆ.
ಪುಟಪುಟಕ್ಕೂ ನೇರಳೆ ಮುದ್ರೆ.
ಕೆಂಪು ಪೆನ್ಸಿಲು "ಹೆರಿಂಗ್ ಮೀನು" ಎಂಬುದನ್ನೂ ಬಿಡಲಿಲ್ಲ;
ಮೀನೆಲ್ಲ ಯಾರ ತಟ್ಟೆಗೆ ಹೋಗುತ್ತದೆಂದು
ಬೆಕ್ಕಿಗೂ ಗೊತ್ತಿತ್ತಲ್ಲ.

ಆ ಚಳಿಗಾಲ, ದೇಶಕ್ಕೇ ಟೋಪಿ ಹಾಕಿದವರು
ಕೆಂಪು ಟೋಪಿ ಹಾಕಬಾರದೆಂದರು.
ಅಜ್ಜಿಯರು ಹೆಣೆದ ಉಣ್ಣೆಟೋಪಿ, ಮಕ್ಕಳ ತಲೆಗೂ ಸಲ್ಲದು.

ಶನಿವಾರ. ಪುಟ ಹದಿನಾಲ್ಕು.
"ಒಳಬರುತ್ತಾನೆ. 'ಎಂಥ ಚಳಿ!' ಎನ್ನುತ್ತಾನೆ."
ಬೂಟು ಬಂತು. ನಿಂತಿತು.
ಮಾತಿಲ್ಲ.
ಮರೆತನೆಂದು ತಿಳಿದೆ, ಪಿಸುಗುಟ್ಟಿದೆ: ಎಂಥ ಚಳಿ.
ಮತ್ತೆ: ಎಂಥ ಚಳಿ, ಐಲಿಫ್.
ಬೂಟಿನ ತುದಿ ಮೆಲ್ಲಗೆ ನನ್ನ ಗೂಡಿನ ಅಂಚು ತಟ್ಟಿತು.
ಸುಮ್ಮನಿರು ಎಂದರ್ಥ.

ದೀಪದ ಹುಡುಗ ಆಮೇಲೆ ಹೇಳಿದ:
ಬರಿತಲೆಯಿಂದ, ಇಲ್ಲದ ಟೋಪಿಯನ್ನು
ಎರಡೂ ಕೈಯಲ್ಲಿ ತೆಗೆದನಂತೆ,
ಹಿಮ ಕೊಡವಿದನಂತೆ,
ಗೂಟಕ್ಕೆ ಸಿಕ್ಕಿಸಿ, ಎರಡು ಹೆಜ್ಜೆ ನಡೆದು,
ಬಿದ್ದೀತೇನೋ ಎಂದು ತಿರುಗಿ ನೋಡಿದನಂತೆ.

ನಾನು ಕೇಳಿದ್ದು ಇಷ್ಟು:
ಬಾಲ್ಕನಿಯಲ್ಲಿ ಯಾರದೋ ಮೂಗಿನಿಂದ ಸೋರಿದ ನಗು,
ಆಮೇಲೆ ಹಲಗೆ ನಡುಗಿ ನನ್ನ ಕೂದಲಿಗೆ ಉದುರಿದ ಧೂಳು.
ಮುಂದಿನ ಸಾಲಿನ ಸಮವಸ್ತ್ರಗಳೂ ನಕ್ಕವು,
ನಗದಿದ್ದರೆ ದಡ್ಡರೆನಿಸೀತೆಂದು.
ತಿಳಿಯುವ ಹೊತ್ತಿಗೆ ಹಲ್ಲು ಇನ್ನೂ ಹೊರಗೇ ಇತ್ತು.

ಸೋಮವಾರ ನನ್ನನ್ನು ಕರೆಸಿದರು.
"ಏನೆಂದ?"
"ಎಂಥ ಚಳಿ, ಅಂದ."
"ಅದಕ್ಕೆ ಮುಂಚೆ?"
"ಏನೂ ಇಲ್ಲ. ಬರಿಯ ಬಿಳಿ ಕಾಗದ.
ನೋಡಿ, ಅದರ ಮೇಲೂ ತಮ್ಮದೇ ಮುದ್ರೆ."
"ಹಾಗಾದರೆ ನಕ್ಕಿದ್ದು ಯಾತಕ್ಕೆ?"
ಇಪ್ಪತ್ತೈದು ದಾಟದ ಹುಡುಗ, ಬೆರಳಿಗೆ ನೇರಳೆ ಶಾಯಿ.
ಅವನಿಗೆ ನಿಜಕ್ಕೂ ತಿಳಿಯಬೇಕಿತ್ತು.
ಪಾಪ ಅನ್ನಿಸಿತು. ಅದನ್ನೂ ಬರೆದುಕೊಳ್ಳಿ.

ನನ್ನನ್ನು ಬಿಟ್ಟರು. ಐಲಿಫ್‌ನನ್ನು ಒಯ್ದರು.

ನಲವತ್ತೈದರ ಮೇ.
ಬೀದಿಯಲ್ಲಿ ಬಾವುಟ, ಎಲ್ಲರ ತಲೆಯಲ್ಲೂ ಕೆಂಪು.
ಶಿಬಿರದಿಂದ ಬಂದವನನ್ನು ಕೇಳಿದೆ, ಬೆರಳು ಬಂತೇ?
"ಬಡ್ಡಿ ಬೆಳೆದುಬಿಟ್ಟಿದೆ" ಅಂದ.
ಜನ ಬಿಡಲಿಲ್ಲ, ಅದೇ ಆಟ ಬೇಕು, ಅದೇ ಟೋಪಿ.
ಈ ಸಲ ನಿಜವಾದದ್ದು, ಉಣ್ಣೆಯದು,
ಯಾರದೋ ಸತ್ತ ಮಗನದು.

ಬೂಟು ಬಂತು. ಈಗ ಎರಡೂ ಕಾಲು ಎಳೆಯುತ್ತಿದ್ದವು.
ಟೋಪಿ ತೆಗೆದಿರಬೇಕು: ಚಪ್ಪಾಳೆ, ಚಪ್ಪಾಳೆ,
ಎದ್ದು ನಿಂತ ಕುರ್ಚಿಗಳ ಸದ್ದು.
ಚಪ್ಪಾಳೆ ನಿಂತಿತು. ಅವನೂ ನಿಂತೇ ಇದ್ದ.
ನಾನು ಕಾದೆ, ಬೂಟಿನ ತುದಿ ತಟ್ಟೀತೆಂದು.
ತಟ್ಟಲಿಲ್ಲ.
ಆಗ ತಿಳಿಯಿತು. ಪಿಸುಗುಟ್ಟಿದೆ:
ಎಂಥ ಚಳಿ.

"ಎಂಥ ಚಳಿ" ಅಂದ ಐಲಿಫ್, ನನ್ನಷ್ಟೇ ಮೆಲ್ಲಗೆ.
ಹೊರಗೆ ಬಿಸಿಲಿತ್ತು.
ಯಾರೂ ನಗಲಿಲ್ಲ.